ಅವ್ವನ ಬಿಪಿ ಮನೆಯಲ್ಲೇ ನೋಡುವುದು

ಗಂಗಾವತಿಯ ನಮ್ಮ ಮನೆಯಲ್ಲಿ ಅವ್ವನ ಬಿಪಿ ನೋಡುವ ಕೆಲಸ ನನ್ನದು. ಬೆಳಿಗ್ಗೆ ಮಾತ್ರೆಗೆ ಮುಂಚೆ, ಚಹಾಕ್ಕೂ ಮುಂಚೆ. ಚಹಾ ಕುಡಿದಿದ್ದರೆ ಅರ್ಧ ಗಂಟೆ ಕಾಯಲೇಬೇಕು. ನೀರು ತುಂಬಿ ದಣಿದು ಬಂದವರಿಗೆ ಹಾಗೆಯೇ ಬಿಪಿ ಯಂತ್ರದ ತೋಳಪಟ್ಟಿ ಸುತ್ತಬೇಡಿ. ಐದು ನಿಮಿಷ ಕುರ್ಚಿಗೆ ಬೆನ್ನು ಕೊಟ್ಟು, ಪಾದ ನೆಲಕ್ಕೂರಿ, ಮಾತಿಲ್ಲದೆ ಕುಳಿತಿರಲಿ.

ತೋಳಪಟ್ಟಿ ಬರಿಯ ತೋಳಿನ ಮೇಲೆ, ಮೊಣಕೈ ಮಡಿಕೆಗಿಂತ ಸ್ವಲ್ಪ ಮೇಲಿರಬೇಕು. ಅವ್ವ ಕೈಯನ್ನು ಪಕ್ಕಕ್ಕೆ ಇಳಿಬಿಡುತ್ತಿದ್ದಳು, ಅಂಕಿ ಹೆಚ್ಚೇ ಬರುತ್ತಿತ್ತು. ಈಗ ಮೇಜಿನ ಮೇಲೆ ದಿಂಬಿಟ್ಟು ತೋಳನ್ನು ಎದೆಯ ಮಟ್ಟಕ್ಕೆ ತರುತ್ತೇನೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡುತ್ತೇನೆ. ಸಂಜೆಯೂ ಹೀಗೆಯೇ.

ಬ್ಲೂಟೂತ್ ಇರುವ ಯಂತ್ರವಾದರೆ, ಮೊಬೈಲಿನಲ್ಲಿ ಅದರ ಆ್ಯಪ್ ತೆರೆದಿಟ್ಟುಕೊಳ್ಳಿ. ಅಂಕಿಗಳು ತಾವೇ ದಾಖಲಾಗುತ್ತವೆ. ದಿನಾಂಕ, ಸಮಯ ಮೊದಲೇ ಸರಿಪಡಿಸಿ. ಒಬ್ಬೊಬ್ಬರಿಗೂ ಬೇರೆ ಖಾತೆ ಇರಲಿ. ನಮ್ಮಲ್ಲಿ ಒಂದು ವಾರ ಅಪ್ಪನ ಅಂಕಿಗಳು ಅವ್ವನ ಲೆಕ್ಕಕ್ಕೆ ಸೇರಿ, ಆಕೆಗೆ ಬಿಪಿ ಇಳಿದಿದೆಯೆಂದೇ ನಂಬಿದ್ದೆವು.

ಮನೆಯಲ್ಲಿ ನೋಡಿದ ಅಂಕಿಗಳ ಸರಾಸರಿ 135/85 ಮುಟ್ಟಿದರೆ ದಾಖಲೆಯನ್ನು ವೈದ್ಯರಿಗೆ ತೋರಿಸಿ, ಮಾತ್ರೆಯನ್ನು ನೀವೇ ಬದಲಿಸಬೇಡಿ. 180/120 ದಾಟಿ ಎದೆನೋವು, ಏದುಸಿರು ಅಥವಾ ಮಾತಿನ ತೊದಲು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ.