ಹಳೇ ಕ್ಯಾನ್ವಾಸ್ ದೋಣಿ ಕಟ್ಟಿದ್ದು ಯಾರು? ಮೊದಲು ಮೂತಿಯೊಳಗೆ ನೋಡಿ

ನಾನು ಹಾಸನದಲ್ಲಿ ಹಳೇ ಮರದ ಸಾಮಾನು ರಿಪೇರಿ ಮಾಡುವವನು. ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ರೈಟರ್ ಫೋನ್ ಮಾಡಿ, "ಅಣ್ಣಾ, ಗೋಡೌನಿನಲ್ಲಿ ಬಟ್ಟೆ ಹೊದಿಸಿದ ದೋಣಿ ಇದೆ, ಉಜ್ಜಿ ಪಾಲಿಶ್ ಮಾಡಿಸೋಣ್ವಾ?" ಅಂದರು. "ಮುಟ್ಟಲೇಬೇಡಿ, ಬಂದೆ" ಅಂದೆ. ಕಟ್ಟಿದವರ ಗುರುತು ಇರುವುದೇ ಆ ಹಳೇ ಮರದ ಮೇಲೆ. ಸ್ಯಾಂಡ್‌ಪೇಪರ್ ಹಾಕಿದರೆ ಅದು ಹೋಯಿತು ಅಂತಲೇ ಲೆಕ್ಕ.

ದೋಣಿಯ ಮೂತಿಯೊಳಗೆ ಬಾಗಿದ ಗಟ್ಟಿ ಕಟ್ಟಿಗೆ ಇರುತ್ತದೆ, ಅದಕ್ಕೆ ಸ್ಟೆಮ್ ಅನ್ನುತ್ತಾರೆ. ಅದು ದೋಣಿಯ ತಳಕ್ಕೆ ಬಂದು ಮಲಗುವ ಜಾಗದಲ್ಲಿ ನಂಬರ್ ಹುಡುಕಿ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಟಾರ್ಚನ್ನು ನೇರ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ವಾರ್ನಿಷ್ ಕೆಳಗೆ ಮುಚ್ಚಿಹೋದ ಅಂಕಿಗೂ ಆಗ ನೆರಳು ಬೀಳುತ್ತದೆ. ಆದರೂ ಓದಲು ಆಗದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಎರಡೂ ತುದಿ ನೋಡಿ, ಒಂದು ಕಡೆ ಗೆದ್ದಲು ತಿಂದಿದ್ದರೆ ಇನ್ನೊಂದು ಕಡೆ ಉಳಿದಿರಬಹುದು.

ಐದಾರು ಅಂಕಿ, ಪಕ್ಕದಲ್ಲಿ 16 ಅಥವಾ 17 ಅಂತ ಇದ್ದರೆ ಅಮೆರಿಕದ ಮೇನ್ ರಾಜ್ಯದ ಓಲ್ಡ್ ಟೌನ್ ಕಂಪನಿಯದ್ದು ಇರಬಹುದು. ಆ ಕೊನೆಯ ಅಂಕಿ ಅಡಿ ಲೆಕ್ಕದ ಉದ್ದ, ಟೇಪ್ ಹಿಡಿದು ತಾಳೆ ನೋಡಿ. ಈ ಕಂಪನಿ ಒಂದೊಂದು ದೋಣಿಗೂ ಕಾರ್ಡ್ ಬರೆದಿಟ್ಟಿತ್ತು. ಯಾವ ಮಾದರಿ, ಮೊದಲ ಬಣ್ಣ ಯಾವುದು, ಯಾವ ದಿನ ಎಲ್ಲಿಗೆ ಕಳಿಸಿದರು, ಎಲ್ಲಾ ಅದರಲ್ಲಿದೆ. ಎಂಥಾ ಶಿಸ್ತು ಅಲ್ವಾ!

ಸ್ಟೆಮ್ ಮೇಲೆ ನಂಬರ್ ಸಿಗದಿದ್ದರೆ ಒಳ ಅಂಚುಪಟ್ಟಿ, ಅಂದರೆ ದೋಣಿಯ ಮೇಲಂಚಿನ ಉದ್ದಕ್ಕೂ ಒಳಬದಿಯಲ್ಲಿರುವ ಪಟ್ಟಿ ನೋಡಿ. ದೋಣಿಯೊಳಗೆ ಅಡ್ಡಕ್ಕೆ ಬಾಗಿಸಿ ಕೂರಿಸಿದ ಪಟ್ಟಿಗಳ, ಅಂದರೆ ಪಕ್ಕೆಲುಬುಗಳ ಮೇಲ್ತುದಿಗಳು ಅಂಚುಪಟ್ಟಿಯಲ್ಲಿ ಕೊರೆದ ಗೂಡುಗಳೊಳಗೆ ಕೂತಿವೆಯಾ, ಮೂತಿಯ ಹತ್ತಿರ ನಂಬರ್ ಇರುವ ಸಣ್ಣ ಲೋಹದ ತಗಡು ಇದೆಯಾ? ಹಾಗಿದ್ದರೆ ಅದೇ ರಾಜ್ಯದ ವೀಝಿ ಊರಿನಲ್ಲಿ ದೋಣಿ ಕಟ್ಟಿಸುತ್ತಿದ್ದ ಬಿ. ಎನ್. ಮಾರಿಸ್ ನೆನಪಾಗಬೇಕು. ಅವರ ಕಾರ್ಖಾನೆ 1919ರಲ್ಲಿ ಸುಟ್ಟುಹೋಯಿತು. ಕೆನಡಾದ ಚೆಸ್ಟ್‌ನಟ್ ಕಂಪನಿಯ ದೋಣಿಯಾದರೆ ತುದಿಯ ಮುಚ್ಚುಹಲಗೆ ಮೇಲೆ ಕಂಪನಿಯ ಚಿತ್ರ ಅಂಟಿಸಿರುತ್ತಿದ್ದರು, ಅದರ ಮೇಲೆ ಬಣ್ಣ ಬಳಿದಿದ್ದರೂ ಓರೆ ಬೆಳಕಿಗೆ ಅಂಚು ಕಾಣಬಹುದು.

ಒಂದು ಎಚ್ಚರ. ಮಾರಿದ ಅಂಗಡಿಯವರೂ ತಮ್ಮ ತಗಡು ಹೊಡೆಯುತ್ತಿದ್ದರು, ಅದನ್ನು ಕಟ್ಟಿದವರ ಹೆಸರು ಅಂದುಕೊಳ್ಳಬೇಡಿ. ಸೀಟು, ಬೋಲ್ಟ್ ಬದಲಾಗಿರುತ್ತವೆ, ಅವನ್ನು ಜಾಸ್ತಿ ನಂಬಬೇಡಿ. ಹಗುರವಾದ ಸೀಡರ್ ಮರದ ಪಕ್ಕೆಲುಬುಗಳ ನಡುವೆ ಒಂದೆರಡು ತೇಗದ್ದು ಕಂಡರೆ, ಅದು ನಮ್ಮ ಕಡೆಯ ಆಚಾರಿಯ ಕೈಕೆಲಸ. ಅದನ್ನೂ ಕಿತ್ತು ಎಸೆಯಬೇಡಿ.

ಕೊನೆಗೆ ಎರಡೂ ಮೂತಿ, ಮುಚ್ಚುಹಲಗೆ, ಅಂಚುಪಟ್ಟಿ, ಸೀಟು ಎಲ್ಲದರ ಫೋಟೋ ಸ್ಕೇಲ್ ಇಟ್ಟು ತೆಗೆದು ಅಮೆರಿಕದ ವುಡನ್ ಕೆನೂ ಹೆರಿಟೇಜ್ ಅಸೋಸಿಯೇಷನ್ ಅನ್ನುವ ಮರದ ದೋಣಿ ಆಸಕ್ತರ ಸಂಘದವರಿಗೆ ಕಳಿಸಿ. ಉತ್ತರ ಬರುವವರೆಗೆ ದೋಣಿಯನ್ನು ಕವುಚಿ, ನೆಲಕ್ಕೆ ತಾಗದಂತೆ ಎರಡು ಮರದ ತುಂಡಿನ ಮೇಲೆ ಇಡಿ.