ಹಾಸನ, ಚಿಕ್ಕಮಗಳೂರಿನಿಂದ ಡಿಮೆನ್ಶಿಯಾ ಸಂಶೋಧನೆಗೆ ಐಸಿಎಂಆರ್ ಅನುದಾನ ಕೇಳುವ ಬಗೆ

ಮರೆವಿನ ಕಾಯಿಲೆ ಡಿಮೆನ್ಶಿಯಾ, ಅದರ ಮುಖ್ಯ ಬಗೆಯಾದ ಆಲ್ಝೈಮರ್ಸ್, ಇವುಗಳ ಸಂಶೋಧನೆಯ ಹಣವೆಲ್ಲ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗಳಿಗೇ ಎಂದುಕೊಂಡು ಜಿಲ್ಲಾ ಮೆಡಿಕಲ್ ಕಾಲೇಜಿನವರು ಅರ್ಜಿಯನ್ನೇ ಹಾಕುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹೊರಗಿನ ಸಂಸ್ಥೆಗಳಿಗೆ ಹಣ ಕೊಡುವ ಎಕ್ಸ್‌ಟ್ರಾಮ್ಯೂರಲ್ ಯೋಜನೆಗೆ ಇಲ್ಲಿನ ಖಾಯಂ ಬೋಧಕರೂ ಅರ್ಜಿ ಹಾಕಬಹುದು. ಸಣ್ಣ ಅನುದಾನ ಎಂಬುದರ ಮಿತಿಯೇ 2 ಕೋಟಿ ರೂಪಾಯಿ. ಆದರೆ ಪೆಟ್ ಸ್ಕ್ಯಾನ್, ಜೀನ್ ಪರೀಕ್ಷೆಯ ಆಸೆ ಬಿಡಿ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಲ್ಲಿ ಕೂಲಿಯವರು ಇರುವ ಲೈನ್ ಮನೆಗಳು, ಕಡೂರು, ಅರಸೀಕೆರೆಯ ಹಳ್ಳಿಗಳು ಬೆಂಗಳೂರಿನವರ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ನಿಮ್ಮ ಸಂಶೋಧನೆಯ ಪ್ರಶ್ನೆ ಅಲ್ಲಿಂದಲೇ ಹುಟ್ಟಲಿ.

ಮೊದಲು ಸ್ಯಾಂಪಲ್ ಲೆಕ್ಕ. ವಯಸ್ಸಾದವರ ಡಿಮೆನ್ಶಿಯಾ ಕುರಿತ ರಾಷ್ಟ್ರೀಯ ಸಮೀಕ್ಷೆ ಲಾಸಿ-ಡ್ಯಾಡ್ ಪ್ರಕಾರ ದೇಶದಲ್ಲಿ 60 ದಾಟಿದವರ ಪೈಕಿ 7.4% ಮಂದಿಗೆ ಡಿಮೆನ್ಶಿಯಾ ಇದೆ. ಈ ಪ್ರಮಾಣ ಆಚೀಚೆ 2 ಶೇಕಡಾ ಅಂಶದೊಳಗೆ, 95% ವಿಶ್ವಾಸಮಟ್ಟದಲ್ಲಿ ಸಿಗಬೇಕಾದರೆ 658 ಜನ ಬೇಕು. ಹಳ್ಳಿಗಳನ್ನು ಗುಂಪಾಗಿ ಆರಿಸುವುದರಿಂದ ಅದನ್ನು 1.5ರಿಂದ ಗುಣಿಸಿ, ಸಿಗದೆ ಹೋಗುವ 10% ಸೇರಿಸಿದರೆ ಸುಮಾರು 1,100. ಅವರಲ್ಲಿ ನಿಜಕ್ಕೂ ಸಿಗುವ ಸುಮಾರು 990 ಜನರ ಪೈಕಿ ಡಿಮೆನ್ಶಿಯಾ ಇರುವವರು ಎಪ್ಪತ್ತು ಚಿಲ್ಲರೆ ಮಂದಿ. ಎಲ್ಲರಿಗೂ ಎಂಆರ್‌ಐ ಬರೆದರೆ ಬಜೆಟ್ ನೋಡಿಯೇ ಅರ್ಜಿ ಬದಿಗೆ ಹೋಗುತ್ತದೆ. ಸ್ಕ್ರೀನಿಂಗ್‌ನಲ್ಲಿ ಅನುಮಾನ ಬಂದವರಿಗೆ ಸಾಕು. ಬಿ12, ಥೈರಾಯ್ಡ್, ಖಿನ್ನತೆ, ಕಿವಿ ಮತ್ತು ಕಣ್ಣಿನ ತಪಾಸಣೆ ಮಾತ್ರ ಬಿಡಬೇಡಿ. ಕಿವಿ ಕೇಳದ ಅಜ್ಜಿ ಸುಮ್ಮನಿದ್ದರೆ ಅದನ್ನು ಮರೆವು ಎಂದು ಗುರುತು ಹಾಕಿಬಿಡುತ್ತಾರೆ.

ಹೆಚ್ಚಿನ ಅರ್ಜಿಗಳು ಸೋಲುವುದು ಪರೀಕ್ಷೆಯ ಆಯ್ಕೆಯಲ್ಲಿ. ಅಕ್ಷರ ಬಾರದವರ ಮುಂದೆ ಓದು ಬರಹ ಬೇಡುವ ಎಂಎಂಎಸ್‌ಇ ಎಂಬ ನೆನಪಿನ ಪರೀಕ್ಷೆ ಇಟ್ಟರೆ ಆರೋಗ್ಯವಂತರೂ ಫೇಲಾಗುತ್ತಾರೆ. ಐಸಿಎಂಆರ್‌ನದೇ ನ್ಯೂರೋ ಕಾಗ್ನಿಟಿವ್ ಟೂಲ್ ಬಾಕ್ಸ್ ಎಂಬ ಪರೀಕ್ಷೆಗಳ ಕಟ್ಟು ಕನ್ನಡದಲ್ಲಿದೆ. ಓದಿದವರಿಗೆ ಅದನ್ನು ನೋಡಿ. ಓದದವರಿಗೆ ಹರಿಯಾಣದ ಬಲ್ಲಭಗಢದಲ್ಲಿ ಎಂಎಂಎಸ್‌ಇಯನ್ನು ಹಿಂದಿಗೆ ಹೊಂದಿಸಿ ರೂಪಿಸಿದ ಎಚ್‌ಎಂಎಸ್‌ಇ ಮಾದರಿ ಹೊಂದುತ್ತದೆ, ಆದರೆ ಅನುವಾದ, ಮೂಲ ಭಾಷೆಗೆ ಮರು ಅನುವಾದ, ಕೆಲವರ ಮೇಲೆ ಪೈಲಟ್ ಪರೀಕ್ಷೆ ಮೂರೂ ಆಗಬೇಕು. ಲೈನ್ ಮನೆಯಲ್ಲಿ ತುಳು, ತಮಿಳು, ತಾಂಡಾದಲ್ಲಿ ಲಂಬಾಣಿ ಮಾತಾಡುವವರನ್ನು ಏನು ಮಾಡುತ್ತೀರಿ ಎಂಬುದನ್ನು ಅರ್ಜಿಯಲ್ಲೇ ಬರೆಯಿರಿ.

ಕಾಲೇಜಿನ ಎಥಿಕ್ಸ್ ಕಮಿಟಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ ಡಿಎಚ್‌ಆರ್‌ನಲ್ಲಿ ನೋಂದಣಿ ಆಗಿದೆಯೇ, ಅವಧಿ ಮುಗಿದಿಲ್ಲವೇ ಎಂದು ಮೊದಲೇ ವಿಚಾರಿಸಿ. ಒಪ್ಪಿಗೆ ಕೊಡುವ ಶಕ್ತಿ ಇಲ್ಲದ ರೋಗಿಯ ಪರವಾಗಿ ಕಾನೂನುಬದ್ಧ ಪ್ರತಿನಿಧಿಯ ಸಹಿ ಬೇಕು. ಓದಲು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿ ಬೇಕು. ತೋಟದ ರೈಟರನ್ನೋ ಮೇಸ್ತ್ರಿಯನ್ನೋ ಸಾಕ್ಷಿ ಮಾಡಬೇಡಿ. ಅವರೆದುರು ಕೂಲಿಯವರು ಒಲ್ಲೆ ಎನ್ನುವುದು ಕಷ್ಟ. ಸಾಹುಕಾರರ ಅನುಮತಿ ಗೇಟು ದಾಟುವುದಕ್ಕೆ ಮಾತ್ರ.

ವೇಳಾಪಟ್ಟಿಯಲ್ಲಿ ಊರಿನ ತಿಳಿವಳಿಕೆ ಕಾಣಬೇಕು. ಜೂನ್‌ನಿಂದ ಸೆಪ್ಟೆಂಬರ್ ಮಳೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಆಗ ಅಜ್ಜನ ಬಗ್ಗೆ ಹೇಳಬಲ್ಲ ಸೊಸೆ ಹಗಲಲ್ಲಿ ಮನೆಯಲ್ಲಿರುವುದಿಲ್ಲ. ತೋಟದ ಭಾಗಕ್ಕೆ ಉಳಿಯುವುದು ಏಪ್ರಿಲ್, ಮೇ, ಅಕ್ಟೋಬರ್, ವರ್ಷಕ್ಕೆ ಸುಮಾರು 75 ಕೆಲಸದ ದಿನ. ಒಬ್ಬರು ದಿನಕ್ಕೆ ನಾಲ್ಕು ಸಂದರ್ಶನ ಮಾಡಿದರೆ ಇಬ್ಬರಿಗೆ 1,100 ಮುಗಿಯಲು 140 ದಿನ. ಬಯಲುಸೀಮೆಯನ್ನು ನಡುವೆ ಸೇರಿಸಿಕೊಂಡರೂ ಒಂದೇ ವರ್ಷ ಎಂದು ಬರೆಯುವುದು ಆತುರ. ಅಷ್ಟೂ ದಿನದ ಜೀಪ್ ಬಾಡಿಗೆಯನ್ನು ಬಜೆಟ್‌ನಲ್ಲಿ ತೋರಿಸಿ. ಬಸ್ಸು ಲೈನ್ ಮನೆವರೆಗೆ ಹೋಗುವುದಿಲ್ಲ.

ಮಂಜೂರಾದ ಮೇಲೆ ಕಾಲೇಜಿನ ಲೆಕ್ಕಶಾಖೆಯೇ ಆಸರೆ. ಕೇಂದ್ರದ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯ ಬಳಕೆ ಪ್ರಮಾಣಪತ್ರ ತಡವಾದರೆ ಮುಂದಿನ ಕಂತು ನಿಲ್ಲುತ್ತದೆ, ಫೀಲ್ಡ್ ಹುಡುಗರು ಸಂಬಳವಿಲ್ಲದೆ ಬಿಟ್ಟುಹೋಗುತ್ತಾರೆ. ಮಾರ್ಚ್ ಮುಗಿದ ಕೂಡಲೇ ಬಿಲ್ಲುಗಳ ಕಡತ ಹಿಡಿದು ಅಲ್ಲಿ ಕೂರಿ.