ಗುರುತ್ವದಲ್ಲಿ ಪಿಎಚ್‌ಡಿ ಬೇಕಾ? ಮೊದಲು 32 ಸೆಕೆಂಡಿನ ಫೈಲ್ ಇಳಿಸಿಕೊಳ್ಳಿ

ತುಮಕೂರಿನಲ್ಲಿ ಬಿ.ಎಸ್‌ಸಿ. ಮುಗಿಸುವಾಗ ಒಂದೇ ಮೇಲನ್ನು ಇಪ್ಪತ್ತು ಜನ ಪ್ರೊಫೆಸರ್‌ಗಳಿಗೆ ಕಳಿಸಿದ್ದೆ. ಚಿಕ್ಕಂದಿನಿಂದ ನನಗೆ ಕಪ್ಪುಕುಳಿ ಅಂದ್ರೆ ಪ್ರಾಣ, ಹಾಗೆ ಹೀಗೆ ಅಂತ. ಒಬ್ಬರಿಗೆ ಹೋದ ಮೇಲ್‌ನಲ್ಲಿ ಇನ್ನೊಬ್ಬರ ಹೆಸರೇ ಉಳಿದುಬಿಟ್ಟಿತ್ತು. ಉತ್ತರ ಬಂದದ್ದೂ ಅವರೊಬ್ಬರಿಂದಲೇ: "ನೀವು ಹುಡುಕುತ್ತಿರುವವರು ಪಕ್ಕದ ರೂಮಿನಲ್ಲಿದ್ದಾರೆ."

ಈಗ ನನ್ನ ಪಿಎಚ್‌ಡಿಗೆ ನಾಲ್ಕನೇ ವರ್ಷ. ಜೂನಿಯರ್‌ಗಳು ಕೇಳಿದರೆ ಹೇಳುವುದು ಇಷ್ಟೇ. ಮೇಲ್ ಬರೆಯುವ ಮುಂಚೆ ಏನಾದರೂ ಮಾಡಿ ನೋಡಿ. ದುಡ್ಡು ಬೇಕಿಲ್ಲ. ಗುರುತ್ವದ ಅಲೆ ಹಿಡಿಯುವ ಅಮೆರಿಕದ ಲೈಗೋದವರು ತಮ್ಮ ಡೇಟಾ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಎರಡು ಕಪ್ಪುಕುಳಿ ಸೇರಿ ಒಂದಾದಾಗ ಎದ್ದು, 2015ರ ಸೆಪ್ಟೆಂಬರ್ 14ರಂದು ಸಿಕ್ಕಿದ ಮೊದಲ ಗುರುತ್ವದ ಅಲೆಯ 32 ಸೆಕೆಂಡಿನ ಫೈಲ್ ಅಲ್ಲೇ ಇದೆ. ಹಳೇ ಲ್ಯಾಪ್‌ಟಾಪ್, ಸ್ವಲ್ಪ ಪೈಥಾನ್ ಸಾಕು.

ಗ್ರಾಫ್ ಹಾಕಿ. ಏನೂ ಕಾಣಲ್ಲ, ಬರೀ ಗದ್ದಲ. ಕಡಿಮೆ ಫ್ರೀಕ್ವೆನ್ಸಿಯ ಗದ್ದಲ ಜಾಸ್ತಿ ಇರುವುದರಿಂದ ಅದು ಮಿಕ್ಕದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಅದಕ್ಕೇ ಮೊದಲು ವೈಟನಿಂಗ್ ಮಾಡಿ, ಅಂದರೆ ಎಲ್ಲ ಫ್ರೀಕ್ವೆನ್ಸಿಯ ಗದ್ದಲವನ್ನೂ ಒಂದೇ ಮಟ್ಟಕ್ಕೆ ತನ್ನಿ. ಆಮೇಲೆ 35ರಿಂದ 350 ಹರ್ಟ್ಜ್ ಮಾತ್ರ ಉಳಿಸಿಕೊಳ್ಳಿ. ಹದಿನಾರನೇ ಸೆಕೆಂಡ್ ದಾಟುತ್ತಿದ್ದಂತೆ ಗೆರೆ ಬೇಗಬೇಗ ಕುಣಿದು, ಎತ್ತರಕ್ಕೆ ಹೋಗಿ, ತಟ್ಟನೆ ತಣ್ಣಗಾಗುತ್ತದೆ. ಎಲ್ಲಾ ಸೇರಿ 0.2 ಸೆಕೆಂಡ್.

ಲೈಗೋಗೆ ಹ್ಯಾನ್‌ಫರ್ಡ್, ಲಿವಿಂಗ್‌ಸ್ಟನ್ ಅಂತ ಎರಡು ಕಡೆ ಡಿಟೆಕ್ಟರ್ ಇವೆ. ಈಗ ಎರಡರ ಗೆರೆಗಳನ್ನೂ ಒಂದರ ಮೇಲೊಂದು ಇಡಿ. ಕೂಡಲ್ಲ. ಹ್ಯಾನ್‌ಫರ್ಡ್‌ನದ್ದನ್ನು 7 ಮಿಲಿಸೆಕೆಂಡ್ ಹಿಂದಕ್ಕೆ ಸರಿಸಿ, ತಲೆಕೆಳಗು ಮಾಡಿ. ಕೂಡುತ್ತೆ! ಸರಿಸುವುದು ಅರ್ಥವಾಯಿತು, ಅಲೆ ಅಲ್ಲಿಗೆ ತಡವಾಗಿ ತಲುಪಿತ್ತು. ತಲೆಕೆಳಗು ಯಾಕೆ ಅಂತ ಮೂರು ದಿನ ತಲೆ ಕೆಡಿಸಿಕೊಂಡೆ. ಎರಡು ಡಿಟೆಕ್ಟರ್‌ಗಳ ತೋಳುಗಳು, ಅಂದರೆ ಲೇಸರ್ ಓಡುವ ಉದ್ದ ಕೊಳವೆಗಳು, ಬೇರೆ ಬೇರೆ ದಿಕ್ಕಿಗೆ ಚಾಚಿವೆ, ಅಷ್ಟೇ. ನನ್ನ ಎರಡನೇ ಸುತ್ತಿನ ಮೇಲ್ ಶುರುವಾದದ್ದೇ ಈ ಮೂರು ದಿನದ ಕಥೆಯಿಂದ. ಐದು ಜನಕ್ಕೆ ಕಳಿಸಿದ್ದೆ, ಮೂವರು ಉತ್ತರ ಕೊಟ್ಟರು.

ಗೆರೆ ತಣ್ಣಗಾಗುವ ಆ ಕೊನೆಯ ಭಾಗ ಇದೆಯಲ್ಲ, ಹೊಡೆದ ಗಂಟೆಯ ನಾದ ಇಳಿದ ಹಾಗೆ? ಕಪ್ಪುಕುಳಿ ಹೀಗೆ ಮಿಡಿಯುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಮುಂದೆ ಅವರು ಬೆಂಗಳೂರಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು. ಅದೇ ತಾರಾಲಯ ಡಿಗ್ರಿ ಹುಡುಗರಿಗೆ ನಡೆಸುವ 'ರೀಪ್' ತರಗತಿಗೆ ನಾನು ವಾರದ ಕೊನೆಗೆ ರೈಲು ಹತ್ತಿ ಹೋಗುತ್ತಿದ್ದೆ. ಬೆಂಗಳೂರಿನ ಆಸುಪಾಸಿನಲ್ಲಿದ್ದರೆ ಬಿಡಬೇಡಿ.

ಪರೀಕ್ಷೆಗಳ ವಿಷಯ ಬೇಗ ಮುಗಿಸ್ತೀನಿ. ಜೆಸ್ಟ್, ಗೇಟ್, ಸಿಎಸ್‌ಐಆರ್ ನೆಟ್, ಟಿಐಎಫ್‌ಆರ್‌ನವರ ಸ್ವಂತ ಪರೀಕ್ಷೆ. ಯಾರು ಯಾವುದನ್ನು ಒಪ್ಪುತ್ತಾರೆ ಅಂತ ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ, ಸೀನಿಯರ್ ಮಾತು ನಂಬಬೇಡಿ, ನನ್ನದೂ ಸೇರಿಸಿ. ಈ ಕೆಲಸ ನಡೆಯುವ ಜಾಗಗಳು: ಬೆಂಗಳೂರಿನಲ್ಲಿ ಐಸಿಟಿಎಸ್, ರಾಮನ್ ಸಂಶೋಧನಾ ಸಂಸ್ಥೆ, ಪುಣೆಯಲ್ಲಿ ಐಯುಕಾ, ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್, ಮುಂಬೈ, ಗಾಂಧಿನಗರದ ಐಐಟಿಗಳು. 2023ರಿಂದ ಜೆಆರ್‌ಎಫ್ (ಪಿಎಚ್‌ಡಿಯ ಮೊದಲ ಹಂತದ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಮುಂದಿನ ಹಂತದ ಎಸ್‌ಆರ್‌ಎಫ್ ಆದ ಮೇಲೆ 42,000. ಹೊರದೇಶವಾದರೆ ಜರ್ಮನಿಯ ಪಾಟ್ಸ್‌ಡಾಮ್, ಹ್ಯಾನೋವರ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ನೋಡಿ.

ಸಾಪೇಕ್ಷತೆಯ ಗಣಿತ ತಲೆಗೆ ಹತ್ತಲ್ಲ ಅನ್ನುವವರೂ ಹಿಂದೆ ಸರಿಯಬೇಡಿ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ಲೈಗೋ-ಇಂಡಿಯಾ ಬರುತ್ತಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಸುಮಾರು 2,600 ಕೋಟಿಗೆ ಒಪ್ಪಿಗೆ ಕೊಟ್ಟಿತು. ನಾಲ್ಕು ಕಿಲೋಮೀಟರಿನ ಎರಡು ತೋಳು. ಅದಕ್ಕೆ ಲೇಸರ್, ನಿರ್ವಾತ, ಕಂಟ್ರೋಲ್ ಗೊತ್ತಿರುವವರು ಬೇಕು. ಬಿ.ಇ. ಓದಿದವರಿಗೂ ಇಲ್ಲಿ ಜಾಗ ಇದೆ.

ಸೀಟು ಸಿಕ್ಕಿದ ಖುಷಿಯಲ್ಲಿ ಗೈಡ್ ಆಯ್ಕೆ ಮಾತ್ರ ಅವಸರದಲ್ಲಿ ಮಾಡಬೇಡಿ. ಸಂಸ್ಥೆಯ ಹೆಸರಿಗಿಂತ ಐದು ವರ್ಷ ಯಾರ ಕೈಕೆಳಗೆ ಇರ್ತೀರಿ ಅನ್ನೋದೇ ದೊಡ್ಡದು. ಅವರ ಸ್ಟೂಡೆಂಟ್‌ಗಳನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ: ಬರೆದ ಕರಡು ಓದಿ ವಾಪಸ್ ಕೊಡೋಕೆ ಸರ್‌ಗೆ ಎಷ್ಟು ದಿನ ಬೇಕು? ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಕಾಫಿ ಮುಗಿಸಿ ಸುಮ್ನೆ ಎದ್ದು ಬನ್ನಿ.